ಮಲೆನಾಡಿನ ತೋಟ-ಗದ್ದೆಗೆ ಸುಣ್ಣ: ಮಣ್ಣಿನ ತಾಮ್ರ, ಕ್ಯಾಡ್ಮಿಯಂ ಹಿಡಿದಿಡಲು ಎಷ್ಟು, ಯಾವಾಗ, ಹೇಗೆ

ಒಂದು ಕೆಜಿ ಮೈಲುತುತ್ತದಲ್ಲಿ (ಕಾಪರ್ ಸಲ್ಫೇಟ್) ಸುಮಾರು 254 ಗ್ರಾಂ ತಾಮ್ರ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ತುತ್ತ, 1 ಕೆಜಿ ಸುಣ್ಣ ಬೇಕು. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ ಒಂದೇ ಲೀಟರ್ ಎಂದು ಹಿಡಿದರೂ ಮಳೆಗಾಲದ ಎರಡು ಸುತ್ತಿಗೆ 10.8 ಕೆಜಿ ತುತ್ತ, ಅಂದರೆ 2.7 ಕೆಜಿ ತಾಮ್ರ ತೋಟಕ್ಕೆ ಬರುತ್ತದೆ. ಮೇಲಿನ 15 ಸೆಂ.ಮೀ. ಮಣ್ಣು ಎಕರೆಗೆ ಸುಮಾರು 8 ಲಕ್ಷ ಕೆಜಿ ತೂಗುತ್ತದೆ. ಬಂದ ತಾಮ್ರವೆಲ್ಲ ಅಲ್ಲೇ ಉಳಿದರೆ ಪ್ರತಿ ಕೆಜಿ ಮಣ್ಣಿಗೆ ವರ್ಷಕ್ಕೆ 3.4 ಮಿಲಿಗ್ರಾಂ ಸೇರುತ್ತದೆ. ಇಪ್ಪತ್ತು ವರ್ಷಕ್ಕೆ ಸುಮಾರು 70. ಮೂರು ಸುತ್ತು ಹೊಡೆಯುವ, ಮರಕ್ಕೆ ಒಂದೂವರೆ ಲೀಟರ್ ಸುರಿಯುವ ತೋಟಗಳಲ್ಲಿ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಸ್ವಲ್ಪ ಭಾಗ ಮಳೆನೀರಿನಲ್ಲಿ ಹರಿದುಹೋದರೂ ಬಹುಪಾಲು ತಾಮ್ರ ಮೇಲ್ಮಣ್ಣಿನಲ್ಲೇ ಕೂರುತ್ತದೆ.

ಬೋರ್ಡೋದಲ್ಲಿ ಸುಣ್ಣ ಇದೆಯಲ್ಲ, ಮಣ್ಣಿಗೆ ಅಷ್ಟು ಸಾಕು ಎನ್ನುವ ಮಾತು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಾಮಾನ್ಯ. ಅದು ಸಾಲುವುದಿಲ್ಲ. ಎರಡು ಸುತ್ತಿನ ಬೋರ್ಡೋದಿಂದ ಎಕರೆಗೆ ಬೀಳುವುದು 10.8 ಕೆಜಿ ಅರಳಿದ ಸುಣ್ಣ. ಅದರಲ್ಲೂ ಒಂದು ಪಾಲು ತುತ್ತದ ಹುಳಿ ಕಳೆಯುವುದಕ್ಕೇ ಖರ್ಚಾಗುತ್ತದೆ. ಇನ್ನೊಂದು ಕಡೆ, ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕವನ್ನು ಯೂರಿಯಾ ರೂಪದಲ್ಲಿ ಕೊಟ್ಟರೆ ಎಕರೆಗೆ 54 ಕೆಜಿ ಆಯಿತು. ಯೂರಿಯಾದ ಪ್ರತಿ ಕೆಜಿ ಸಾರಜನಕ ಹುಟ್ಟಿಸುವ ಹುಳಿ ಕಳೆಯಲು ಸುಮಾರು 1.8 ಕೆಜಿ ಸುಣ್ಣಕಲ್ಲಿನ ಪುಡಿ ಬೇಕು, ಅಂದರೆ ವರ್ಷಕ್ಕೆ ಎಕರೆಗೆ 97 ಕೆಜಿ. ಇದಕ್ಕೆ ಆಗುಂಬೆ ಸೀಮೆಯ ಮಳೆ ತೊಳೆದುಕೊಂಡು ಹೋಗುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೇರಿಸಿ. ತಾಮ್ರ ಏರುತ್ತಿರುವಾಗಲೇ ಮಣ್ಣು ಹುಳಿಯಾಗುತ್ತಾ ಅದನ್ನು ಹಿಡಿದಿಡುವ ಶಕ್ತಿ ಇಳಿಯುತ್ತಿದೆ. ಅದಕ್ಕಾಗಿ ಮಣ್ಣಿಗೆ ಸುಣ್ಣವನ್ನು ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕು.

ಕ್ಯಾಲ್ಸಿಯಂ ಮಾಡುವ ಎರಡು ವಿರುದ್ಧ ಕೆಲಸ

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಲೋಹವನ್ನು ಮಣ್ಣಿಗೆ ಅಂಟಿಸುವುದು ಕ್ಯಾಲ್ಸಿಯಂ ಅಲ್ಲ, ಸುಣ್ಣದ ಜೊತೆ ಬರುವ ಕ್ಷಾರಗುಣ, ಅಂದರೆ ರಸಸಾರದ (ಪಿ.ಎಚ್.) ಏರಿಕೆ. ಜಂಬಿಟ್ಟಿಗೆ ಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿರುವುದು ಕಯೋಲಿನೈಟ್ ಮತ್ತು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು. ಇವುಗಳ ಮೈಮೇಲಿನ ವಿದ್ಯುದಂಶ ರಸಸಾರದ ಜೊತೆ ಬದಲಾಗುತ್ತದೆ. ರಸಸಾರ 4.5-5ರಲ್ಲಿ ಋಣ ಅಂಶ ಕಡಿಮೆಯಿರುವುದರಿಂದ ಧನ ಅಂಶದ ತಾಮ್ರ, ಸತು, ಕ್ಯಾಡ್ಮಿಯಂ, ಸೀಸ ನಿಲ್ಲಲು ಜಾಗ ಕಡಿಮೆ. ರಸಸಾರ 6ರ ಮೇಲೆ ಬಂದಾಗ ಜಾಗ ಹೆಚ್ಚುತ್ತದೆ, ಹಿಡಿತವೂ ಬಿಗಿಯಾಗುತ್ತದೆ, ಮಣ್ಣುನೀರಿನಲ್ಲಿ ಕರಗಿರುವ ಕ್ಯಾಡ್ಮಿಯಂ ಹಲವು ಪಟ್ಟು ಇಳಿಯುತ್ತದೆ.

ಕ್ಯಾಲ್ಸಿಯಂ ತಾನೇ ಮಾಡುವುದು ಪೈಪೋಟಿ. ಅದರ ಅಯಾನು ಮತ್ತು ಕ್ಯಾಡ್ಮಿಯಂ ಅಯಾನು ಗಾತ್ರದಲ್ಲೂ ವಿದ್ಯುದಂಶದಲ್ಲೂ ಹೆಚ್ಚುಕಡಿಮೆ ಒಂದೇ. ರಸಸಾರ ಏರಿಸದೆ ಬರೀ ಕ್ಯಾಲ್ಸಿಯಂ ಸುರಿದರೆ ಅದು ಮಣ್ಣಿನ ಕಣಗಳ ಮೇಲೆ ಸಡಿಲವಾಗಿ ಕೂತಿರುವ ಕ್ಯಾಡ್ಮಿಯಂ, ಸತು, ನಿಕ್ಕಲ್ಲನ್ನು ಎಬ್ಬಿಸಿ ನೀರಿಗೆ ತಳ್ಳುತ್ತದೆ. ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಿದಾಗ ಆಗುವುದು ಇದೇ. ತಾಮ್ರ ಮತ್ತು ಸೀಸ ಆಕ್ಸೈಡು, ಸಾವಯವ ಅಂಶಗಳಿಗೆ ಗಟ್ಟಿಯಾಗಿ ಅಂಟಿರುವುದರಿಂದ ಕ್ಯಾಲ್ಸಿಯಂ ಅವನ್ನು ಅಷ್ಟು ಸುಲಭಕ್ಕೆ ಕದಲಿಸಲಾರದು.

ಬೇರಿನ ಹತ್ತಿರ ಇದೇ ಪೈಪೋಟಿ ಬೆಳೆಯ ಪರವಾಗಿ ನಡೆಯುತ್ತದೆ. ಬೇರು ಕ್ಯಾಲ್ಸಿಯಂ ಹೀರುವ ದಾರಿಗಳಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ; ಕ್ಯಾಲ್ಸಿಯಂ ಸಾಕಷ್ಟಿದ್ದರೆ ನುಸುಳುವ ಕ್ಯಾಡ್ಮಿಯಂ ಕಡಿಮೆ. ಆದ್ದರಿಂದ ಜಿಪ್ಸಂ ಹಾಕಿದ ಕಡೆಯೆಲ್ಲ ಬೆಳೆಗೆ ಕ್ಯಾಡ್ಮಿಯಂ ಏರಲೇಬೇಕೆಂದಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಎದ್ದ ಲೋಹ ಬೇರಿನ ಹತ್ತಿರ ಕಾಯುತ್ತಾ ಕೂರುವುದಿಲ್ಲ. ಕಪ್ಪಿಗೆ (ತೋಟದ ಬಸಿಗಾಲುವೆಗೆ) ಬಸಿದು ಕೆಳಗಿನ ಗದ್ದೆಗೋ ಹಳ್ಳಕ್ಕೋ ಹೋಗುತ್ತದೆ. ಹುಳಿ ಮಣ್ಣಿನಲ್ಲಿ ಲೋಹ ಕಟ್ಟಿಹಾಕುವ ಉದ್ದೇಶಕ್ಕೆ ಜಿಪ್ಸಂ ಬೇಡ ಎನ್ನುವುದು ಇದಕ್ಕೇ. ಕೆಳಪದರದ ಅಲ್ಯೂಮಿನಿಯಂ ನಂಜಿಗೆ ಜಿಪ್ಸಂ ಉಪಯುಕ್ತ, ಅದು ಬೇರೆ ಕೆಲಸ. ಗೊಬ್ಬರ ಕಾರ್ಖಾನೆಗಳ ಉಪಉತ್ಪನ್ನವಾದ ಫಾಸ್ಫೋಜಿಪ್ಸಂ ಆಗಿದ್ದರೆ ಅದರಲ್ಲೇ ಕ್ಯಾಡ್ಮಿಯಂ, ಫ್ಲೋರೈಡ್ ಇರಬಹುದು. ಪರೀಕ್ಷಾ ವರದಿ ಕೇಳದೆ ತರಬೇಡಿ.

ಸುಣ್ಣಕ್ಕೆ ಬಗ್ಗದ ಎರಡು ಧಾತುಗಳ ಬಗ್ಗೆ ಎಚ್ಚರವಿರಲಿ: ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ. ಇವು ಮಣ್ಣಿನಲ್ಲಿ ಋಣ ಅಂಶದ ರೂಪದಲ್ಲಿರುತ್ತವೆ. ರಸಸಾರ ಏರಿದರೆ ಕಬ್ಬಿಣದ ಆಕ್ಸೈಡಿನಿಂದ ಬಿಡಿಸಿಕೊಂಡು ಹೊರಡುತ್ತವೆ. ವರದಿಯಲ್ಲಿ ಇವು ಹೆಚ್ಚು ಕಂಡರೆ ಕೆಳಗಿನ ಲೆಕ್ಕವನ್ನು ಅನುಸರಿಸದೆ ಮಣ್ಣು ವಿಜ್ಞಾನಿಗಳ ಸಲಹೆ ಪಡೆಯಿರಿ.

ನಿಮ್ಮದು ಯಾವ ಮಣ್ಣು?

*ಅಡಿಕೆ, ಮೆಣಸಿನ ಜಂಬಿಟ್ಟಿಗೆ ಮಣ್ಣು.* ತೀರ್ಥಹಳ್ಳಿ, ಹೊಸನಗರ, ಸಾಗರದ ಬಹುಭಾಗ. ಹುಳಿ, ಕ್ಯಾಲ್ಸಿಯಂ ಕೊರತೆ, ಜೊತೆಗೆ ಬೋರ್ಡೋದ ತಾಮ್ರ. ಸುಣ್ಣದಿಂದ ಹೆಚ್ಚು ಲಾಭ ಸಿಗುವುದು ಇಲ್ಲಿಯೇ. ಆದರೆ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ತಲೆಮಾರುಗಳಿಂದ ಬಿದ್ದ ತೋಟದಲ್ಲಿ ತಾಮ್ರದ ದೊಡ್ಡ ಪಾಲು ಸಾವಯವ ಅಂಶಕ್ಕೆ ಅಂಟಿರುತ್ತದೆ. ರಸಸಾರ 7 ದಾಟುವಷ್ಟು ಸುಣ್ಣ ಸುರಿದರೆ ಸಾವಯವ ಅಂಶದ ಒಂದು ಭಾಗ ನೀರಿನಲ್ಲಿ ಕರಗಿ, ತಾಮ್ರವನ್ನೂ ಕಟ್ಟಿಕೊಂಡು ಇಳಿಯುತ್ತದೆ. ತೋಟದ ಗುರಿ 6ರಿಂದ 6.5, ಅದರಾಚೆ ಬೇಡ.

*ಗದ್ದೆ.* ನೀರು ನಿಂತ ಗದ್ದೆಯಲ್ಲಿ ಕೆಲವು ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿಯೇ 6.5-7ರ ಕಡೆ ಬರುತ್ತದೆ, ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದ ಸಲ್ಫೈಡ್ ಆಗುತ್ತದೆ. ಕೊಯ್ಲಿಗೆ ಮುಂಚೆ ನೀರು ಬಸಿದಾಗ ಅದು ತಿರುಗಿ ಬಿಡುಗಡೆಯಾಗುತ್ತದೆ, ಅದೂ ಕಾಳು ಕಟ್ಟುವ ಹೊತ್ತಿಗೆ. ಸುಣ್ಣ ಕೆಲಸಕ್ಕೆ ಬರುವುದು ಈ ಒಣ ಹಂತದಲ್ಲಿ. ಕ್ಯಾಡ್ಮಿಯಂ ಇದೆಯೆಂದು ಗೊತ್ತಾದ ಗದ್ದೆಯಲ್ಲಿ ತೆನೆ ಹೊರಟ ಮೇಲೆ ಎರಡು-ಮೂರು ವಾರ ತೆಳುವಾಗಿ ನೀರು ನಿಲ್ಲಿಸುವುದು ಸುಣ್ಣದಷ್ಟೇ ಮುಖ್ಯ. ಆರ್ಸೆನಿಕ್ ಇದ್ದ ಗದ್ದೆಗೆ ಇದು ತಿರುಗುಬಾಣವಾಗುತ್ತದೆ, ಏಕೆಂದರೆ ನೀರು ನಿಂತಷ್ಟೂ ಆರ್ಸೆನಿಕ್ ಕರಗುತ್ತದೆ. ಬಯಲು ಗದ್ದೆಗಳಲ್ಲಿ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಕೆಂಪು ಕೆನೆ, ಪೈರಿನ ಎಲೆಯಲ್ಲಿ ಕಂದು ಚುಕ್ಕೆ ಕಂಡರೆ ಅದು ಕಬ್ಬಿಣದ ನಂಜು. ಅದಕ್ಕೂ ಸುಣ್ಣ ಮತ್ತು ಬಸಿಗಾಲುವೆ ಎರಡೂ ಬೇಕು.

*ಭದ್ರಾ ಅಚ್ಚುಕಟ್ಟಿನ ಕಪ್ಪು ಮಣ್ಣು.* ರಸಸಾರ 7.5ರ ಮೇಲಿದ್ದು, ಮಣ್ಣಿಗೆ ಎರಡು ಹನಿ ದುರ್ಬಲ ಆಮ್ಲ ಬಿಟ್ಟಾಗ ನೊರೆ ಬಂದರೆ ಸುಣ್ಣ ಅಲ್ಲೇ ಇದೆ. ಮತ್ತೆ ಹಾಕಿದರೆ ದುಡ್ಡು ದಂಡ. ಸತು, ಕಬ್ಬಿಣದ ಕೊರತೆ ಬೇರೆ ಬರುತ್ತದೆ. ಸತು ಕಡಿಮೆಯಾದ ಬೆಳೆ ಕ್ಯಾಡ್ಮಿಯಂ ಹೆಚ್ಚು ಹೀರುತ್ತದೆ, ಎರಡೂ ಒಂದೇ ದಾರಿಯಲ್ಲಿ ಬೇರಿನೊಳಕ್ಕೆ ಹೋಗುವುದರಿಂದ. ಇಲ್ಲಿ ಪರೀಕ್ಷೆಯ ಆಧಾರದ ಮೇಲೆ ಸತುವಿನ ಸಲ್ಫೇಟ್ ಕೊಡುವುದು ಸರಿಯಾದ ದಾರಿ.

ಹಂತ 1: ಮಾದರಿ ತೆಗೆಯುವುದು

ಅಡಿಕೆ ಮರದ ಬುಡ ಮತ್ತು ಎರಡು ಸಾಲಿನ ನಡುವಿನ ಜಾಗ ಬೇರೆ ಬೇರೆ ಮಣ್ಣಿನಂತೆಯೇ. ಗೊಬ್ಬರ ಬಿದ್ದು ಹುಳಿಯಾಗಿರುವುದು ಬುಡ. ಬೋರ್ಡೋ ಎರಡೂ ಕಡೆ ಬೀಳುತ್ತದೆ. ಹಾಗಾಗಿ ಬುಡದಿಂದ ಒಂದು, ನಡುವಿನಿಂದ ಒಂದು ಮಾದರಿ ಮಾಡಿ. ಎಕರೆಗೆ 10ರಿಂದ 15 ಜಾಗ ಆರಿಸಿ, ಮೇಲಿನ ದರಗು ಸರಿಸಿ, ವಿ ಆಕಾರದ ಗುಂಡಿ ತೋಡಿ, ಅಂಚಿನಿಂದ 0-15 ಸೆಂ.ಮೀ. ಆಳದವರೆಗೆ ಒಂದೇ ದಪ್ಪದ ಪದರ ಕೆರೆಯಿರಿ. 15-30 ಸೆಂ.ಮೀ.ನಿಂದಲೂ ಪ್ರತ್ಯೇಕವಾಗಿ ತೆಗೆದರೆ ಲೋಹ ಇಳಿಯುತ್ತಿದೆಯೇ ಎಂದು ತಿಳಿಯುತ್ತದೆ. ತಾಮ್ರ, ಹಿತ್ತಾಳೆ ಅಥವಾ ಸತು ಲೇಪದ ತಗಡಿನ ಉಪಕರಣ ಮುಟ್ಟಿಸಬೇಡಿ. ಕೆರೆಯಲು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ, ಸಂಗ್ರಹಕ್ಕೆ ಪ್ಲಾಸ್ಟಿಕ್ ಬಕೆಟ್ ಇರಲಿ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ.

ಬೋರ್ಡೋ ಕಲಸುವ ಜಾಗದ ಮಣ್ಣು ಈ ಮಾದರಿಗೆ ಸೇರಬಾರದು. ವರ್ಷಗಟ್ಟಲೆ ತುತ್ತ ಚೆಲ್ಲಿದ ಆ ನಾಲ್ಕು ಅಡಿ ಜಾಗದ ಒಂದು ಬೊಗಸೆ ಮಣ್ಣು ಇಡೀ ತೋಟದ ವರದಿ ಕೆಡಿಸುತ್ತದೆ. ಅದನ್ನು ಬೇರೆಯಾಗಿಯೇ ಪರೀಕ್ಷಿಸಿ. ಔಷಧಿ ಹೊಡೆದ ಕೂಡಲೇ ಮಾದರಿ ತೆಗೆಯಬೇಡಿ. ಮಳೆಗಾಲ ಕಳೆದು ಎರಡನೇ ಕಂತಿನ ಗೊಬ್ಬರ ಕೊಡುವ ಮುಂಚೆ, ಇಲ್ಲವೇ ಬೇಸಿಗೆಯಲ್ಲಿ ತೆಗೆಯಿರಿ.

ಹಂತ 2: ಪ್ರಯೋಗಾಲಯಕ್ಕೆ ಕೇಳಬೇಕಾದ್ದು

ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಮಣ್ಣು ಪರೀಕ್ಷೆ ಎಲ್ಲಿ, ಯಾವ ಲೋಹಕ್ಕೆ ಆಗುತ್ತದೆ ಎಂದು ಅಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಾಮಾನ್ಯ ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರ, ಸತು ಇರುತ್ತವೆ. ಕ್ಯಾಡ್ಮಿಯಂ, ಸೀಸ ಇರುವುದಿಲ್ಲ, ಅವನ್ನು ಬೇರೆಯಾಗಿ ಕೇಳಬೇಕು.

ಚೀಟಿಯ ತಾಮ್ರದ ಅಂಕಿ ಡಿ.ಟಿ.ಪಿ.ಎ. ಎಂಬ, ಮಣ್ಣಿನ ಲೋಹವನ್ನು ಹಿಡಿದೆಳೆಯುವ ರಾಸಾಯನಿಕದ ದ್ರಾವಣದಿಂದ ಬಂದದ್ದು. ಕೊರತೆ ಗುರುತಿಸಲು ಮಾಡಿದ ವಿಧಾನ ಅದು; ಕೆಜಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತದೆ. ಬೋರ್ಡೋ ತೋಟದಲ್ಲಿ ಅದು ಹತ್ತಾರು ಪಟ್ಟು ಬಂದರೂ ಚೀಟಿ ‘ಸಾಕಷ್ಟಿದೆ’ ಎಂದಷ್ಟೇ ಹೇಳೀತು. ಅಲ್ಲದೆ ಆ ದ್ರಾವಣದ ರಸಸಾರ 7.3ಕ್ಕೆ ಕಟ್ಟಿದ್ದು; ನಿಮ್ಮ ಮಣ್ಣಿನ 5ರಲ್ಲಿ ಏನು ಕರಗುತ್ತದೆ ಎಂಬುದನ್ನು ಅದು ನೇರವಾಗಿ ತೋರಿಸದು. ಸಾಧ್ಯವಿದ್ದರೆ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಕರಗುವ ಲೋಹ ಅಳೆಯಿಸಿ. ಮೇಲೆ ಹೇಳಿದ ಕ್ಯಾಲ್ಸಿಯಂ ಪೈಪೋಟಿಯನ್ನೇ ಬಳಸಿ, ಯಾವ ಲೋಹ ಸಡಿಲವಾಗಿದೆ ಎಂದು ತೋರಿಸುವ ಪರೀಕ್ಷೆ ಇದು. ಸುಣ್ಣದ ಮೊದಲು ಮತ್ತು ನಂತರ ಹೋಲಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಒಟ್ಟು ಲೋಹದ ಅಂಕಿಯನ್ನು ಎಚ್ಚರಿಕೆಯಿಂದ ಓದಿ. ಜಂಬಿಟ್ಟಿಗೆಯ ಮೂಲಶಿಲೆಯಲ್ಲೇ ಕ್ರೋಮಿಯಂ, ನಿಕ್ಕಲ್ ಹೆಚ್ಚಿರಬಹುದು, ಅದು ಆಕ್ಸೈಡಿನ ಹೊಟ್ಟೆಯಲ್ಲಿ ಬಂಧಿಯಾಗಿರುತ್ತದೆ. ಹೋಲಿಕೆಗೆ ಒಂದು ಅಳತೆ: ಚರಂಡಿ ಕೆಸರು ಬಳಸುವ ಹೊಲಗಳಿಗೆ, ರಸಸಾರ 6-7ರ ಮಣ್ಣಿನಲ್ಲಿ, ಯುರೋಪಿನ 1986ರ ನಿಯಮ ಕೊಟ್ಟ ಮಿತಿ ಕೆಜಿಗೆ ತಾಮ್ರ 50-140, ಕ್ಯಾಡ್ಮಿಯಂ 1-3, ಸೀಸ 50-300 ಮಿಲಿಗ್ರಾಂ. ನಿಮ್ಮ ಮಣ್ಣು ಅದಕ್ಕಿಂತ ಹುಳಿಯಾಗಿದ್ದರೆ ಮಿತಿ ಇನ್ನೂ ಕೆಳಗಿರಬೇಕು ಎಂದು ತಿಳಿಯಿರಿ. ರಸಸಾರ ನೀರಿನಲ್ಲಿ ಅಳೆದದ್ದೇ, ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲೇ ಎಂಬುದನ್ನೂ ಕೇಳಿ. ಎರಡನೆಯದು ಸಾಮಾನ್ಯವಾಗಿ ಅರ್ಧದಿಂದ ಒಂದು ಅಂಶ ಕಡಿಮೆ ತೋರಿಸುತ್ತದೆ.

ಹಂತ 3: ಡಬ್ಬಿಯಲ್ಲಿ ಸುಣ್ಣದ ಪ್ರಮಾಣ ಕಂಡುಕೊಳ್ಳುವುದು

ಒಂದೇ ರಸಸಾರದ ಎರಡು ಮಣ್ಣಿಗೆ ಬೇಕಾಗುವ ಸುಣ್ಣ ಒಂದೇ ಅಲ್ಲ. ಜೇಡಿ, ಸಾವಯವ ಅಂಶ ಹೆಚ್ಚಿದ್ದ ತೋಟ ಹೆಚ್ಚು ಕೇಳುತ್ತದೆ; ಮರಳು ಬೆರೆತ ಕೆಂಪು ಹಕ್ಕಲು ಕಡಿಮೆ. ಪ್ರಯೋಗಾಲಯ ಸುಣ್ಣದ ಅಗತ್ಯ ಅಳೆದು ಕೊಟ್ಟರೆ ಅದನ್ನೇ ನಂಬಿ. ಇಲ್ಲದಿದ್ದರೆ ಮನೆಯಲ್ಲೇ ಹೀಗೆ ಮಾಡಿ.

ಐದು ಪ್ಲಾಸ್ಟಿಕ್ ಡಬ್ಬಿಗೆ ತಲಾ 1 ಕೆಜಿ ಒಣಗಿಸಿ ಜರಡಿ ಹಿಡಿದ ಮಣ್ಣು ಹಾಕಿ. ಒಂದಕ್ಕೆ ಏನೂ ಬೇಡ, ಉಳಿದವಕ್ಕೆ 0.5, 1, 2, 3 ಗ್ರಾಂ ನುಣುಪಾದ ಸುಣ್ಣಕಲ್ಲಿನ ಪುಡಿ ಬೆರೆಸಿ. ತೂಕಕ್ಕೆ ಚಿನ್ನದಂಗಡಿಯ ಮಟ್ಟದ ಸಣ್ಣ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಹಿಡಿಯಲ್ಲಿ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ, ಮುಚ್ಚಳದಲ್ಲಿ ಎರಡು ತೂತಿಟ್ಟು ಮೂರು ವಾರ ನೆರಳಲ್ಲಿಡಿ. ವಾರಕ್ಕೊಮ್ಮೆ ಕಲಸಿ, ತೇವ ಕಾಪಾಡಿ. ಕೊನೆಗೆ 10 ಗ್ರಾಂ ಮಣ್ಣಿಗೆ 25 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ರಸಸಾರ ಅಳೆಯಿರಿ. ಯಾವ ಡಬ್ಬಿ 6ರಿಂದ 6.5ರ ನಡುವೆ ಬಂತೋ ಅದು ನಿಮ್ಮ ಪ್ರಮಾಣ. ಕೆಜಿಗೆ 1 ಗ್ರಾಂ ಎಂದರೆ 15 ಸೆಂ.ಮೀ. ಆಳಕ್ಕೆ ಎಕರೆಗೆ 800 ಕೆಜಿ. ಹೊಲದಲ್ಲಿ ಬೆರಕೆ ಡಬ್ಬಿಯಷ್ಟು ಚೆನ್ನಾಗಿ ಆಗುವುದಿಲ್ಲ, ಪರಿಣಾಮ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಹಾಗೆಂದು ಮೊದಲೇ ಹೆಚ್ಚು ಹಾಕಬೇಡಿ. ಮುಂದಿನ ಪರೀಕ್ಷೆ ನೋಡಿ ಸೇರಿಸುವುದು ಸುಲಭ, ಹಾಕಿದ್ದನ್ನು ತೆಗೆಯುವುದು ಆಗದ ಕೆಲಸ.

ಹಂತ 4: ಮರದ ಲೆಕ್ಕ, ಸುಣ್ಣದ ಜಾತಿ

ಎಕರೆಗೆ 800 ಕೆಜಿಯನ್ನು 540 ಮರಕ್ಕೆ ಹಂಚಿದರೆ ಮರಕ್ಕೆ ಒಂದೂವರೆ ಕೆಜಿ ಬರುತ್ತದೆ. ಇದು ಇಡೀ ನೆಲಕ್ಕೆ ಹರಡುವ ಲೆಕ್ಕ. ಅಷ್ಟನ್ನೂ ಬುಡಕ್ಕೆ ಸುರಿಯುವುದೇ ಅತಿ ಸಾಮಾನ್ಯ ತಪ್ಪು. ಬುಡದಿಂದ ಸುತ್ತಲೂ ಎರಡೂವರೆ ಅಡಿ ದೂರದವರೆಗಿನ ಪಾತಿ ಸುಮಾರು 20 ಚದರ ಅಡಿ. ಮರದ ಪಾಲಿನ ನೆಲ 81 ಚದರ ಅಡಿ. ಪಾತಿಗೆ ಮಾತ್ರ ಹಾಕುವುದಾದರೆ ಸುಮಾರು 360 ಗ್ರಾಂ ಸಾಕು. ನಾಲ್ಕು ಪಟ್ಟು ಸುರಿದ ಬುಡದಲ್ಲಿ ರಸಸಾರ 7 ದಾಟಿ, ಹಿಂಗಾರಿನ ಹೊಸ ಎಲೆ ಹಳದಿಯಾಗಿ, ಸತು, ಬೋರಾನ್ ಕೊರತೆ ಕಾಣುತ್ತದೆ.

ಇದು ಶುದ್ಧ ಸುಣ್ಣಕಲ್ಲಿನ ಪುಡಿಯ ಅಳತೆ. ಅದನ್ನು 100 ಎಂದುಕೊಂಡರೆ ಶುದ್ಧ ಡೋಲೊಮೈಟ್ 109, ಅರಳಿದ ಸುಣ್ಣ 135, ಸುಟ್ಟ ಸುಣ್ಣ 179. ಹಾಗಾಗಿ 360 ಗ್ರಾಂ ಬದಲಿಗೆ ಡೋಲೊಮೈಟ್ 330 ಅಥವಾ ಅರಳಿದ ಸುಣ್ಣ 265 ಗ್ರಾಂ. ಚೀಲದ ಮೇಲೆ ತಟಸ್ಥೀಕರಣ ಶಕ್ತಿ ಶೇ. 80 ಎಂದಿದ್ದರೆ ಸುಣ್ಣಕಲ್ಲಿನ ಪುಡಿ 450 ಗ್ರಾಂ ಬೇಕಾಗುತ್ತದೆ. ಮಳೆ ತೊಳೆದ ಮಣ್ಣಿನಲ್ಲಿ ಮೆಗ್ನೀಷಿಯಂ ಕೂಡ ಕಡಿಮೆಯಿರುವುದರಿಂದ ಅಡಿಕೆ, ಮೆಣಸಿಗೆ ಡೋಲೊಮೈಟ್ ನಮ್ಮ ಮೊದಲ ಆಯ್ಕೆ. ಪುಡಿ ಗೋಧಿಹಿಟ್ಟಿನಷ್ಟು ನುಣುಪಿರಬೇಕು. ರವೆಯಂತಿದ್ದರೆ ಒಳಗಿನ ಕಲ್ಲು ವರ್ಷಗಟ್ಟಲೆ ಕರಗುವುದಿಲ್ಲ. ಕಾಗದ ಕಾರ್ಖಾನೆಯ ಸುಣ್ಣದ ಕೆಸರು, ಉಕ್ಕಿನ ಕುಲುಮೆಯ ಕಿಟ್ಟ ಕೂಡ ಕ್ಷಾರೀಯವೇ. ಆದರೆ ಕಿಟ್ಟದಲ್ಲಿ ಕ್ರೋಮಿಯಂ, ವನೇಡಿಯಂ ಇರಬಹುದು. ಲೋಹದ ವರದಿಯಿಲ್ಲದೆ ತೋಟಕ್ಕೆ ತರಬೇಡಿ.

ಹಂತ 5: ಹಾಕುವ ಹೊತ್ತು

ತೋಟಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದ ಮೇಲೆ. ದರಗು ಸರಿಸಿ, ಪಾತಿಗೆ ಸಮನಾಗಿ ಉದುರಿಸಿ, ಎರಡು-ಮೂರು ಇಂಚು ಮಾತ್ರ ಗುದ್ದಲಿಯಲ್ಲಿ ಕೆದಕಿ ಮತ್ತೆ ದರಗು ಮುಚ್ಚಿ. ಆಳ ಅಗೆದರೆ ಬೇರು ಕತ್ತರಿಸುತ್ತದೆ. ಕೆದಕದೆ ಬಿಟ್ಟರೆ ಸುಣ್ಣ ಮೊದಲ ವರ್ಷ ಮೇಲಿನ ಕೆಲವೇ ಸೆಂ.ಮೀ. ದಾಟುವುದಿಲ್ಲ, ಜೋರು ಮಳೆಯಲ್ಲಿ ಇಳಿಜಾರಿನ ತೋಟದಿಂದ ಕೊಚ್ಚಿಹೋಗುತ್ತದೆ. ಕರಿಮೆಣಸಿನ ಬಳ್ಳಿಗೆ ಎರಡು ವರ್ಷಕ್ಕೊಮ್ಮೆ 500 ಗ್ರಾಂ ಅರಳಿದ ಸುಣ್ಣ ಎಂಬ ಶಿಫಾರಸು ಇದೆ. ಅಡಿಕೆಗೂ ಅದೇ ಪಾತಿಯಲ್ಲಿ ಸುಣ್ಣ ಬಿದ್ದಿದ್ದರೆ ಎರಡನ್ನೂ ಕೂಡಿಸಬೇಡಿ. ಗದ್ದೆಗೆ ಬೇಸಿಗೆ ಉಳುಮೆಯ ನಂತರ, ಕೆಸರು ಮಾಡುವುದಕ್ಕೆ ಮೂರು ವಾರ ಮುಂಚೆ.

ಸುಣ್ಣಕ್ಕೂ ಯೂರಿಯಾ, ಅಮೋನಿಯಂ ಗೊಬ್ಬರ, ಸೂಪರ್ ಫಾಸ್ಫೇಟಿಗೂ ನಡುವೆ ಮೂರು ವಾರ ಅಂತರ ಬಿಡಿ. ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ, ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರವನ್ನೂ ಅದೇ ದಿನ ಕೊಡಬೇಡಿ. ಸುಟ್ಟ ಸುಣ್ಣ ಮುಟ್ಟುವವರು ಕನ್ನಡಕ, ಕೈಗವಸು ಹಾಕಲೇಬೇಕು. ಬೆವರು ತಗುಲಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಹಂತ 6: ಹೊರಗಿನಿಂದ ಬರುವ ಲೋಹಕ್ಕೆ ತಡೆ

ಸುಣ್ಣ ಲೋಹವನ್ನು ತೆಗೆಯುವುದಿಲ್ಲ, ಅಲ್ಲೇ ಕಟ್ಟಿಹಾಕುತ್ತದೆ. ರಸಸಾರ ಮತ್ತೆ 5ಕ್ಕೆ ಇಳಿದರೆ ಕಟ್ಟು ಬಿಚ್ಚುತ್ತದೆ. ಹಾಗಾಗಿ ಬರುವ ದಾರಿ ಕಿರಿದು ಮಾಡುವುದೂ ಇದೇ ಕೆಲಸದ ಭಾಗ. ಬೋರ್ಡೋವನ್ನು ಗೊನೆಗೆ ಮಾತ್ರ ನೆನೆಯುವಷ್ಟು ಹೊಡೆಸಿ, ನೆಲಕ್ಕೆ ಸುರಿಯುವಷ್ಟಲ್ಲ. ಕೊಳೆ ಕಟ್ಟಿದ ಗೊನೆ, ಉದುರಿದ ಕಾಯಿ ಹೊರಹಾಕಿದರೆ, ಕಪ್ಪು ಬಿಡಿಸಿ ನೀರು ಬಸಿದರೆ ರೋಗದ ಒತ್ತಡ ಇಳಿಯುತ್ತದೆ. ನಗರದ ಕಸದ ಗೊಬ್ಬರ ತರುವಾಗ ವರದಿ ನೋಡಿ. ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಕೆಜಿಗೆ ಕ್ಯಾಡ್ಮಿಯಂ 5, ಸೀಸ 100, ತಾಮ್ರ 300 ಮಿಲಿಗ್ರಾಂ. ರಂಜಕದ ಗೊಬ್ಬರಗಳಲ್ಲೂ ಮೂಲಶಿಲೆಯಿಂದ ಬಂದ ಕ್ಯಾಡ್ಮಿಯಂ ಇರುತ್ತದೆ; ಮಣ್ಣಿನಲ್ಲಿ ರಂಜಕ ತುಂಬಿದ್ದರೆ ಅಭ್ಯಾಸಬಲದಿಂದ ಹಾಕುವುದು ನಿಲ್ಲಿಸಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನು ಚುರುಕಾಗಿಸುತ್ತದೆ. ಪರೀಕ್ಷೆಯಲ್ಲಿ ಕ್ಯಾಡ್ಮಿಯಂ ನಿಜಕ್ಕೂ ಕಂಡ ಜಾಗದಲ್ಲಿ, ಅದರಲ್ಲೂ ಸೊಪ್ಪು ತರಕಾರಿ ಬೆಳೆಯುವ ಕಡೆ, ದುಬಾರಿಯಾದರೂ ಸಲ್ಫೇಟ್ ಆಫ್ ಪೊಟ್ಯಾಷ್ ಬಳಸಿ. ಉಳಿದ ಕಡೆ ಅದರ ಅಗತ್ಯವಿಲ್ಲ.

ಹಂತ 7: ಕೆಲಸ ಆಯಿತೇ ಎಂದು ನೋಡುವುದು

ಆರು ತಿಂಗಳಿಗೆ ಬುಡದ ರಸಸಾರ ಅಳೆಯಿರಿ. ಒಂದು ವರ್ಷಕ್ಕೆ ಅದೇ ಜಾಗಗಳಿಂದ, ಅದೇ ಆಳದಿಂದ ಮಾದರಿ ತೆಗೆದು, ಅದೇ ಪ್ರಯೋಗಾಲಯದಲ್ಲಿ, ಅದೇ ದ್ರಾವಣದಲ್ಲಿ ಕರಗುವ ಲೋಹ ನೋಡಿ. ಒಟ್ಟು ತಾಮ್ರ ಹಾಗೇ ಇದ್ದು ಕರಗುವ ತಾಮ್ರ ಇಳಿದಿದ್ದರೆ ಸುಣ್ಣ ತನ್ನ ಕೆಲಸ ಮಾಡಿದೆ. ರಸಸಾರ ಏರಿದ್ದೂ ಕರಗುವ ತಾಮ್ರ ಇಳಿಯದಿದ್ದರೆ ಕಾರಣ ಹೆಚ್ಚಾಗಿ ಕರಗಿದ ಸಾವಯವ ಅಂಶ; ಸುಣ್ಣ ಹೆಚ್ಚಿಸದೆ, ಅರೆಕಳಿತ ಸೊಪ್ಪಿನ ಬದಲು ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬದಲಾಯಿಸಿ. 15-30 ಸೆಂ.ಮೀ. ಪದರದಲ್ಲಿ ಲೋಹ ಏರಿದ್ದರೆ ಕಪ್ಪಿನ ನೀರನ್ನೂ ಪರೀಕ್ಷೆಗೆ ಕಳಿಸಿ. ಭತ್ತವಾದರೆ ಕೊನೆಯ ಅಳತೆ ಅಕ್ಕಿಯದೇ: ಪಾಲಿಷ್ ಮಾಡಿದ ಅಕ್ಕಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿಗೆ 0.4 ಮಿಲಿಗ್ರಾಂ ಕ್ಯಾಡ್ಮಿಯಂ.

ಆಮೇಲೆ ಎರಡು ವರ್ಷಕ್ಕೊಮ್ಮೆ ರಸಸಾರ ನೋಡಿ, 5.8ಕ್ಕೆ ಇಳಿದಾಗ ಡಬ್ಬಿ ಪರೀಕ್ಷೆಯ ಅರ್ಧ ಪ್ರಮಾಣ ಹಾಕುತ್ತಾ ಹೋಗಿ. ಬೋರ್ಡೋ ಕಲಸುವ ಜಾಗವನ್ನು ಮಾತ್ರ ಸುಣ್ಣದಿಂದ ಸರಿಮಾಡಲು ಹೋಗಬೇಡಿ. ಅಲ್ಲಿ ಸಿಮೆಂಟಿನ ಹಾಸು ಮಾಡಿಸಿ, ಬ್ಯಾರೆಲ್ ತೊಳೆದ ನೀರನ್ನು ಮುಂದಿನ ಕಲಸಿಗೆ ಬಳಸಿ, ಆ ಮಣ್ಣಿನಲ್ಲಿ ಬಸಳೆ, ಹರಿವೆ, ಶುಂಠಿ ಯಾವುದನ್ನೂ ನೆಡಬೇಡಿ.